ಚಿತ್ರದ ಮರಳು ಆರಿಸುವ ಅಕ್ಕ

“ಅಮ್ಮಾ, ದೊಡ್ಡಮ್ಮ ಹಗಲಲ್ಲೂ ಕತ್ತಲೆ ಮಾಡ್ಕೊಂಡು ಯಾಕೆ ಕೂತಿರ್ತಾರೆ? ಅವರಿಗೂ ಯಾರಾದ್ರೂ ಶಿಕ್ಷೆ ಕೊಟ್ಟಿದ್ದಾರಾ?”

ಮಗಳು ಹೀಗೆ ಕೇಳಿದ್ದು ಹೊಸ್ತಿಲಲ್ಲಿ ಕೂತು ಶೂ ಬಿಚ್ಚುತ್ತಾ. ತಪ್ಪು ಮಾಡಿದರೆ ಅವಳನ್ನು ಸ್ವಲ್ಪ ಹೊತ್ತು ಮೂಲೆಯಲ್ಲಿ ಕೂರಿಸುವುದು ನಮ್ಮ ಮನೆಯ ಕ್ರಮ. ಎದುರುಮನೆಯ ಅಕ್ಕನೂ ಏನೋ ಎಡವಟ್ಟು ಮಾಡಿ ಮೂಲೆ ಸೇರಿದ್ದಾರೆ ಎಂದು ಅವಳು ಲೆಕ್ಕ ಹಾಕಿದ್ದಳು. ನಾನು ಅವರನ್ನು ಅಕ್ಕ ಎನ್ನುವುದರಿಂದ ಅವಳಿಗೆ ಅವರು ದೊಡ್ಡಮ್ಮ.

“ಶಿಕ್ಷೆ ಅಲ್ಲ, ಅದು ಅವರ ಆಫೀಸು” ಎಂದೆ.

“ಆಫೀಸಲ್ಲಿ ಲೈಟ್ ಇರುತ್ತೆ” ಎಂದಳು.

ಅವರನ್ನೇ ಕೇಳು ಎಂದು ಜಾರಿಕೊಂಡೆ. ಅವಳು ಒಂದು ಕಾಲಿನ ಶೂ ಹಾಕಿಕೊಂಡೇ ಹೋಗಿ ಕೇಳಿದಳು. ಅಕ್ಕ ಕುರ್ಚಿ ತಿರುಗಿಸಿ ಗಂಭೀರವಾಗಿ ಉತ್ತರ ಕೊಟ್ಟರು: “ಶಿಕ್ಷೆನೇ ಪುಟ್ಟಿ. ತಪ್ಪು ಬೇರೆಯವರದು. ಅವರು ಕತ್ತಲೆಯಲ್ಲಿ ಫೋಟೋ ತೆಗೀತಾರೆ, ನಾನು ಕತ್ತಲೆಯಲ್ಲಿ ಕೂತು ತೊಳೀತೀನಿ.”

ಮೂರನೆಯ ಮಹಡಿಯಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಅವರ ಒಳಕೋಣೆಯ ಗೋಡೆಗೆ ಬೂದು ಬಣ್ಣ, ಕಿಟಕಿಗೆ ದಪ್ಪ ಕರ್ಟನ್. ಮೇಜಿನ ಮೇಲಿನ ದೊಡ್ಡ ಮಾನಿಟರಿಗೆ ಮೂರೂ ಕಡೆ ಕಪ್ಪು ರಟ್ಟಿನ ಮರೆ, ಗಾಡಿ ಎಳೆಯುವ ಕುದುರೆಯ ಕಣ್ಣಿನ ಪಕ್ಕಕ್ಕೆ ಕಟ್ಟುತ್ತಾರಲ್ಲ, ಹಾಗೆ. ಕೆಲಸಕ್ಕೆ ಕೂರುವ ಮೊದಲು ಎಂಥ ಸೆಕೆಯಿದ್ದರೂ ಬೂದು ಬಣ್ಣದ ಒಂದು ಸ್ವೆಟರ್ ತೊಡುತ್ತಾರೆ. ಕೆಂಪು ಬಟ್ಟೆಯಲ್ಲಿ ಕೂತರೆ ಆ ಕೆಂಪು ಗಾಜಿನಲ್ಲಿ ಇಣುಕಿ, ಮದುಮಗಳ ಕೆನ್ನೆಗೆ ಇಲ್ಲದ ರಂಗು ಬಂದಂತೆ ಕಾಣುತ್ತದಂತೆ. ಕೋಣೆಯೊಳಗೆ ನನ್ನ ಹಳದಿ ದುಪಟ್ಟಾಕ್ಕೂ ಪ್ರವೇಶವಿಲ್ಲ. ಬಾಗಿಲ ಹಿಂದಿನ ಮೊಳೆಗೆ ಅದನ್ನು ನೇತುಹಾಕಿಯೇ ಒಳಗೆ ಹೋಗಬೇಕು.

ಅಕ್ಕನಿಗೆ ಕೆಲಸ ಬರುವುದು ಒಂದು ಸ್ಟುಡಿಯೋದಿಂದ. ಹಾರ್ಡ್ ಡಿಸ್ಕಿನಲ್ಲಿ ಮದುವೆ, ಶಾಲೆಯ ನಾಟಕ, ನೃತ್ಯಶಾಲೆಯ ಪ್ರದರ್ಶನ, ಹೀಗೆ ಏನಾದರೂ ಇರುತ್ತದೆ. ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೇ, ಯಾವ ಒಪ್ಪ ಓರಣವೂ ಇಲ್ಲದೆ ಇಟ್ಟುಕೊಂಡ ಫೈಲುಗಳು ಅವು. ರಾ ಫೈಲು ಎನ್ನುತ್ತಾರೆ. ಬೆಳಕು ಸಾಲದ ಕಡೆ ಕ್ಯಾಮೆರಾವನ್ನು ಅದರ ಶಕ್ತಿ ಮೀರಿ ದುಡಿಸಿದರೆ ಗೋಡೆ, ಕೋಟು, ಕೆನ್ನೆಯ ನೆರಳು, ಎಲ್ಲದರ ಮೇಲೂ ಸಣ್ಣ ಚುಕ್ಕಿಗಳು ಏಳುತ್ತವೆ. ಸ್ಟುಡಿಯೋದವರ ಬಾಯಲ್ಲಿ ಅದು ನಾಯ್ಸ್. ಅಕ್ಕನ ಬಾಯಲ್ಲಿ ಮರಳು. ಆ ಮರಳನ್ನು ಆರಿಸಿ ತೆಗೆಯುವುದೇ ಅವರ ಕಸುಬು.

“ಮರಳಲ್ಲಿ ಎರಡು ತರ” ಎಂದು ಅವರು ಒಮ್ಮೆ ತೋರಿಸಿದರು. ಒಂದು ಮುಖವನ್ನು ಮಾನಿಟರಿನ ತುಂಬ ಹಿಗ್ಗಿಸಿದಾಗ ಅದರ ಮೇಲೆ ಕೆಂಪು, ಹಸಿರು, ನೀಲಿ ಚುಕ್ಕಿಗಳೂ, ಅವುಗಳ ನಡುವೆ ಬರೀ ಬೂದು ಚುಕ್ಕಿಗಳೂ ಕಂಡವು. “ಬಣ್ಣದ ಮರಳನ್ನ ಧಾರಾಳವಾಗಿ ತೆಗೀಬಹುದು, ಯಾರಿಗೂ ಬೇಕಾಗಿಲ್ಲ. ಬೂದುದರಲ್ಲಿ ಸ್ವಲ್ಪ ಬಿಡಬೇಕು. ಪೂರ್ತಿ ಗುಡಿಸಿದ್ರೆ ಮನುಷ್ಯ ಹೋಗಿ ಸೋಪು ಉಳಿಯುತ್ತೆ.”

“ಎಷ್ಟು ಬಿಡಬೇಕು ಅಂತ ಹೇಗೆ ಗೊತ್ತಾಗುತ್ತೆ?”

“ಹುಬ್ಬು ನೋಡ್ತಾ ಇರಬೇಕು. ಹುಬ್ಬಿನ ಕೂದಲು ಒಂದಕ್ಕೊಂದು ಅಂಟಿಕೊಂಡ ಕೂಡಲೇ ಕೈ ತೆಗೀಬೇಕು.”

ನಾನು ಅರ್ಧ ದಿನ ಲಾಂಡ್ರಿ ಅಂಗಡಿಯ ಕೌಂಟರಿನಲ್ಲಿ ಕೂರುವವಳು. ಕಲೆಯ ಜೊತೆಗೆ ಬಣ್ಣವೂ ಹೋದ ಅಂಗಿಯನ್ನು ಕೌಂಟರಿನ ಮೇಲೆ ಎಸೆದು ಜಗಳ ತೆಗೆಯುವವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ಅದನ್ನು ಹೇಳಿದಾಗ ಅಕ್ಕ ನಕ್ಕರು. “ನಿಂದೂ ನಂದೂ ಒಂದೇ ಕಸುಬು ಕಣೇ. ನೀನು ಕಾಲರ್ ಉಜ್ಜಿಸ್ತೀಯ, ನಾನು ಕತ್ತು ಉಜ್ತೀನಿ.”

ನಾನು ಅಂಗಡಿಯಿಂದ ಬರುವುದು ತಡವಾದ ದಿನ ಮಗಳು ಅಲ್ಲೇ, ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಾಳೆ. ವಿಡಿಯೋದ ಮರಳು ಹೇಗೆ ತೆಗೆಯುತ್ತಾರೆ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತಾಯಿತು.

“ವಿಡಿಯೋ ಅಂದ್ರೆ ಸಾಲಾಗಿ ಓಡೋ ಫೋಟೋಗಳು” ಎಂದು ಅಕ್ಕ ಅವಳಿಗೆ ಹೇಳುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಕೇಳಿದೆ. “ಒಂದೊಂದು ಫೋಟೋದಲ್ಲಿ ಮರಳು ಒಂದೊಂದು ಕಡೆ ಬಿದ್ದಿರುತ್ತೆ. ಅದಕ್ಕೇ ಕುಣಿದ ಹಾಗೆ ಕಾಣೋದು. ಗೋಡೆ ಕುಣಿಯಲ್ಲ ಅಲ್ವಾ? ಹಿಂದಿನ ಫೋಟೋ, ಮುಂದಿನ ಫೋಟೋ ಸೇರಿಸಿ ನೋಡ್ತೀನಿ. ಎಲ್ಲದರಲ್ಲೂ ಇರೋದು ಗೋಡೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಮರಳು.”

“ನಾನು ಕುಣಿದ್ರೆ?”

“ನೀನು ಕುಣಿದ್ರೆ ನಂಗೆ ತಲೆನೋವು. ತುಂಬಾ ಫೋಟೋ ಸೇರಿಸಿಬಿಟ್ರೆ ನಿನ್ನ ಕೈಗೆ ಬಾಲ ಬರುತ್ತೆ.”

ಮಗಳು ಅಂದು ಊಟದ ಹೊತ್ತಿಗೆ ತನ್ನ ಎರಡೂ ಕೈಗಳ ಹಿಂದೆ ಬಾಲ ಹುಡುಕಿಕೊಂಡು ಕೂತಳು.

ಅಕ್ಕ ಈ ಕೆಲಸಕ್ಕೆ ಸೇರಿದ್ದು ಮದುವೆಗೆ ಮೊದಲು. ಆಗ ಕಂಪ್ಯೂಟರ್ ಇರಲಿಲ್ಲ. ತೊಳೆದು ಒಣಗಿಸಿದ ಕಪ್ಪು-ಬಿಳುಪು ಫೋಟೋಗಳ ಮೇಲೆ ಧೂಳು ಕೂತ ಕಡೆ ಬಿಳಿ ಚುಕ್ಕಿ ಉಳಿಯುತ್ತಿತ್ತು. ಕೂದಲೆಳೆಯಂಥ ಕುಂಚದಿಂದ ಅವಕ್ಕೆ ಬಣ್ಣ ಮುಟ್ಟಿಸುವ ಕೆಲಸವನ್ನು ಅವರಿಗೆ ಕೊಟ್ಟರು. ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿಕೊಳ್ಳುತ್ತಿದ್ದರಂತೆ, ಸಂಜೆಗೆ ನಾಲಿಗೆ ಕಪ್ಪಾಗುತ್ತಿತ್ತಂತೆ. ಆಗಿನ ಮಾಲೀಕರ ಮಗ ಶಾಲೆ ಬಿಟ್ಟವನೇ ಸ್ಟುಡಿಯೋಗೆ ಬಂದು ಇವರ ಪಕ್ಕ ಕೂತು ಪಾಠ ಬರೆಯುತ್ತಿದ್ದ. ಈಗ ಅವನೇ ಮಾಲೀಕ. ಖುಷಿಯಲ್ಲಿದ್ದರೆ “ಅಕ್ಕಾ” ಎನ್ನುತ್ತಾನೆ, ಸಿಟ್ಟಿದ್ದರೆ “ಮೇಡಂ”. ಫೋನೆತ್ತಿದ ಮೊದಲ ಮಾತಿಗೇ ಆ ದಿನ ಹೇಗಿರುತ್ತದೆ ಎಂದು ಅಕ್ಕನಿಗೆ ಗೊತ್ತಾಗುತ್ತದೆ.

ಅಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವವರು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. “ಊರಿಗೆಲ್ಲ ಮೇಲೆ ಹೋಗೋಕೆ ದಾರಿ ಮಾಡ್ತಾರೆ, ನನ್ನ ಮಾತ್ರ ಮೆಟ್ಟಿಲು ಹತ್ತಿಸ್ತಾರೆ” ಎಂದು ಅಕ್ಕ ಮೂರನೆಯ ಮಹಡಿ ತಲುಪಿದಾಗಲೆಲ್ಲ ಹೇಳುತ್ತಾರೆ. “ಲಿಫ್ಟ್ ಹಾಕಿಸಿದ್ರೆ ನೀನು ದಿನಾ ಕೆಳಗಿಳಿದು ಹೋಗ್ಬಿಡ್ತೀಯ, ಅದಕ್ಕೇ” ಎಂದು ಭಾವ. ಈ ಮಾತುಕತೆಗೆ ವಯಸ್ಸಾಗಿದೆ, ಆದರೂ ಇಬ್ಬರೂ ಪ್ರತಿ ಸಲ ಹೊಸದೆಂಬಂತೆ ಆಡುತ್ತಾರೆ.

ಈ ವರ್ಷದ ಮಧ್ಯದಲ್ಲಿ “ಮೇಡಂ” ಎಂಬ ಮಾತು ಹೆಚ್ಚು ಕೇಳಿಸತೊಡಗಿತು. ಮೊದಲು ನೃತ್ಯಶಾಲೆಯ ವಿಡಿಯೋ ವಾಪಸ್ ಬಂತು. ಮಕ್ಕಳ ಕೈ ಬೀಸಿದ ಕಡೆಯೆಲ್ಲ ನೆರಳಿನ ಬಾಲ, ಮುಖಗಳೆಲ್ಲ ಮೇಣದ ಗೊಂಬೆ. ಅಕ್ಕ ಒಪ್ಪಲಿಲ್ಲ. ಅಷ್ಟು ಒರೆಸದಿದ್ದರೆ ಮರಳೇ ಕಾಣುತ್ತಿತ್ತು, ಚಿತ್ರೀಕರಣವೇ ಕೆಟ್ಟದ್ದು ಎಂದರು. ಅದನ್ನು ತೆಗೆದವನು ಗಡ್ಡದವನೆಂದೇ ಎಲ್ಲರೂ ಕರೆಯುವ ಕ್ಯಾಮೆರಾದವನು, ಸ್ಟುಡಿಯೋದಲ್ಲಿ ಬಹಳ ವರ್ಷದವನು.

“ಗಡ್ಡದವನು ಈಚೆಗೆ ಬೆಳಕು ನೋಡೋದೇ ಇಲ್ಲ. ನನ್ನ ಹತ್ರ ಬರೋದು ಬರೀ ಮರಳಿನ ಮೂಟೆ” ಎಂದು ಅಕ್ಕ ಫೋನಿನಲ್ಲಿ ಹೇಳಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು.

ಇನ್ನೆರಡು ಕೆಲಸಗಳ ಬಗ್ಗೆಯೂ ಅಕ್ಕ ಅದನ್ನೇ ಹೇಳಿದ ಮೇಲೆ ಮಾಲೀಕ ಗಡ್ಡದವನನ್ನು ಕರೆಯುವುದು ನಿಲ್ಲಿಸಿದ. ಅವನ ಜಾಗಕ್ಕೆ ಬೇರೊಬ್ಬ ಬಂದ. ಅವನ ವಿಡಿಯೋದಲ್ಲೂ ಮರಳು. ಅಕ್ಕ ಈ ಸಲ ಸಭಾಂಗಣದ ದೀಪಗಳನ್ನು ಬೈದರು, ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಬೈದರು. ಕೊನೆಗೆ ಮಾಲೀಕ ಒಂದು ಮದುವೆಯ ಡಿಸ್ಕ್ ಕಳಿಸಿ ಫೋನ್ ಮಾಡಿದ. ಆ ಮದುವೆಯವರು ಬೇಕೆಂದೇ ಮಂದ ಬೆಳಕು ಇಟ್ಟುಕೊಂಡಿದ್ದರು.

“ಇದೂ ವಾಪಸ್ ಬಂದ್ರೆ ನಿಮ್ಮ ಹತ್ರ ಕೆಲಸ ಮಾಡ್ಸೋಕೆ ಆಗಲ್ಲ ಮೇಡಂ. ನಂಗೂ ಗಿರಾಕಿ ಉಳೀಬೇಕಲ್ವಾ.”

ಅಕ್ಕ ಇದನ್ನು ನನಗೆ ಹೇಳಿದಾಗ ಧ್ವನಿ ಎಂದಿನಂತೆಯೇ ಇತ್ತು. ಮಾತಿನ ನಡುವೆ ಮಾನಿಟರಿನ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಒರೆಸಿದರು. ಈ ಕುರ್ಚಿ ಹೋದರೆ ಬೇರೆ ಕುರ್ಚಿ ಎಲ್ಲೂ ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಕಲಿತದ್ದು ಇದೊಂದನ್ನೇ.

ನಾನು ನನ್ನ ಫೋಟೋ ತೆಗೆದುಕೊಂಡು ಹೋದದ್ದು ಅದೇ ವಾರ. ಹೊತ್ತು ಗೊತ್ತಿಲ್ಲದೆ ಹೋದೆನೇನೋ ಎಂದು ಆಮೇಲೆ ಅನ್ನಿಸಿತು. ಶಾಲೆಯ ನಾಟಕದಲ್ಲಿ ಮಗಳು ಮರವಾಗಿದ್ದಳು. ಹಸಿರು ಉಣ್ಣೆಯ ಸ್ವೆಟರ್ ತೊಟ್ಟು ಎರಡೂ ಕೈ ಎತ್ತಿ ನಿಲ್ಲುವುದಷ್ಟೇ ಪಾತ್ರ. ನಮ್ಮವರು ಆ ಕತ್ತಲೆ ಹಾಲಿನಲ್ಲಿ ತೆಗೆದ ಒಂದೇ ಒಂದು ಚಿತ್ರ ನೆಟ್ಟಗೆ ಬಂದಿತ್ತು. ಅದರಲ್ಲೂ ಮರಳು ತುಂಬಿತ್ತು.

“ಕೂತ್ಕೋ, ಈಗಲೇ ಮಾಡ್ಬಿಡೋಣ. ಮದುವೆ ಡಿಸ್ಕಿಗೆ ಕೈ ಹಾಕೋ ಮುಂಚೆ ಕೈ ಸ್ವಲ್ಪ ಪಳಗಲಿ” ಎಂದು ಅಕ್ಕ ಸ್ಟೂಲು ಎಳೆದರು.

ಮೊದಲು ಬಣ್ಣದ ಮರಳು ಹೋಯಿತು. ಮಗಳ ಕೆನ್ನೆ ಮೇಲಿದ್ದ ನೀಲಿ, ಕೆಂಪು ಚುಕ್ಕಿಗಳು ಮಾಯವಾಗಿ ಕೆನ್ನೆಯ ಬಣ್ಣ ಬಂತು. ಆಮೇಲೆ ಬೂದು ಮರಳು. ಅಕ್ಕನ ಬೆರಳು ಮೌಸಿನ ಮೇಲೆ ಹಗುರವಾಗಿ ಸರಿಯುತ್ತಿತ್ತು. ಹಿಂದಿನ ಗೋಡೆ ನುಣುಪಾಯಿತು. ಚೆನ್ನಾಗಿದೆ ಎಂದುಕೊಂಡೆ. ಬೆರಳು ನಿಲ್ಲಲಿಲ್ಲ. ಹುಬ್ಬಿನ ಕೂದಲು ಅಂಟಿಕೊಂಡಿತು. ಸ್ವೆಟರಿನ ಹೆಣಿಗೆ ಒಂದೊಂದೇ ಕರಗಿ, ಹಸಿರು ಬಣ್ಣ ಬಳಿದ ಹಲಗೆಯ ಹಾಗಾಯಿತು.

“ಅಕ್ಕಾ, ಸ್ವೆಟರ್ ಎಲ್ಲಿ ಹೋಯ್ತು?”

“ಇರು ಕಣೇ, ಗೋಡೆ ಮೇಲೆ ಇನ್ನೂ ಇದೆಯಲ್ಲ.”

“ಏನಿದೆ?”

“ಮರಳು. ಎಡಗಡೆ ನೋಡು.”

“ಏನೂ ಇಲ್ವಲ್ಲ ಅಕ್ಕ.”

“ನಿನ್ನ ಕಣ್ಣಿಗೆ ಅಭ್ಯಾಸ ಇಲ್ಲ. ಅಲ್ಲೇ ಓಡಾಡ್ತಾ ಇದೆ ನೋಡು, ಮೇಲಿಂದ ಕೆಳಗೆ…”

ಅವರ ಬೆರಳು ನಿಂತಿತು. ಅಕ್ಕ ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಇದು ವಿಡಿಯೋ ಅಲ್ಲ” ಎಂದರು. “ಫೋಟೋದಲ್ಲಿ ಮರಳು ಓಡಲ್ಲ.”

ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಅವರು ಮಗಳ ಚಿತ್ರವನ್ನು ಮುಚ್ಚಿ, ಮಾನಿಟರಿನ ಬಣ್ಣ ಸರಿಯಿದೆಯೇ ಎಂದು ನೋಡಲು ಇಟ್ಟುಕೊಂಡಿದ್ದ ಬರೀ ಬೂದು ಹಾಳೆಯೊಂದನ್ನು ಇಡೀ ಪರದೆಗೆ ಹರಡಿದರು. ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡಗಣ್ಣು.

“ನಿಂಗೆ ಏನು ಕಾಣ್ತಿದೆ?”

“ಬರೀ ಬೂದು.”

“ಬರೀ ಬೂದು” ಎಂದು ಅವರೂ ಅಂದರು, ತಮಗೆ ತಾವೇ ಹೇಳಿಕೊಂಡಂತೆ.

ಕೆಲವು ತಿಂಗಳಿಂದ ಅವರಿಗೆ ಬರುತ್ತಿದ್ದುದೆಲ್ಲ ಹೆಚ್ಚುಕಡಿಮೆ ವಿಡಿಯೋ ಕೆಲಸವೇ. ವಿಡಿಯೋದಲ್ಲಿ ಮರಳು ಕುಣಿಯುವುದು ಸಹಜ. ಅದಕ್ಕೇ ಕಣ್ಣಿನೊಳಗೆ ತೇಲುತ್ತಿದ್ದುದನ್ನೂ ಅವರು ಕ್ಯಾಮೆರಾದ ಖಾತೆಗೇ ಹಾಕಿದ್ದರು. ಎಷ್ಟು ಒರೆಸಿದರೂ ಹೋಗದ ಮರಳನ್ನು ಒರೆಸುತ್ತಾ, ಎದುರಿಗಿದ್ದವರ ಹುಬ್ಬು, ಉಗುರು, ಬಟ್ಟೆಯ ನೇಯ್ಗೆ ಎಲ್ಲವನ್ನೂ ಒರೆಸಿದ್ದರು.

ಆಮೇಲೆ ಅವರು ಹಳೆಯ ಫೈಲುಗಳನ್ನು ತೆರೆದರು. ನೃತ್ಯಶಾಲೆಯದು, ಗಡ್ಡದವನು ತೆಗೆದದ್ದು, ಕೈ ಹಾಕುವ ಮೊದಲಿನದೂ ಹಾಕಿದ ನಂತರದ್ದೂ ಅಕ್ಕಪಕ್ಕ. “ನನ್ನ ಮುಖ ನೋಡ್ಬೇಡ, ಅದನ್ನ ನೋಡಿ ಹೇಳು.”

“ಮೊದಲಿನದರಲ್ಲಿ ಚುಕ್ಕಿ ಇದೆ ಅಕ್ಕ. ಆದ್ರೆ ಸ್ವಲ್ಪವೇ. ಮಕ್ಕಳ ಮುಖ ಚೆನ್ನಾಗಿ ಕಾಣುತ್ತೆ.”

“ಆಮೇಲಿನದು?”

“ಬಾಲ ಇದೆ.”

ಅಕ್ಕ ತಲೆಯಾಡಿಸಿದರು. ಎದ್ದು ಹೋಗಿ ಟೀ ಮಾಡಿ ತಂದರು. ನಾನು ಕುಡಿದೆ, ಅವರು ಲೋಟ ಹಿಡಿದು ಕೂತರು.

ಸಂಜೆ ಭಾವ ಬಂದಾಗ ವಿಷಯ ಹೇಳಿದೆವು. ಅವರು ಟೂಲ್ ಬ್ಯಾಗ್ ಇಳಿಸಿ ಅಲ್ಲೇ ಬೆತ್ತದ ಸ್ಟೂಲಿನ ಮೇಲೆ ಕೂತರು.

“ಎಷ್ಟೋ ದಿನದಿಂದ ಊಟಕ್ಕೆ ಕೂತಾಗ ಇಲ್ಲದ ನೊಣ ಓಡಿಸ್ತಿದ್ಲು. ನಾನು, ನನ್ನನ್ನೇ ಎದ್ದು ಹೋಗು ಅಂತಿದ್ದಾಳೆ ಅಂದ್ಕೊಂಡಿದ್ದೆ.”

“ನೀವು ಎದ್ದು ಹೋಗ್ಲಿಲ್ವಲ್ಲ.”

“ಊಟ ಚೆನ್ನಾಗಿತ್ತು.”

ಅಕ್ಕನಿಗೆ ನಗು ಬಂತು. ನಗು ಮುಗಿದ ಮೇಲೂ ಕೈ ಗಲ್ಲದ ಮೇಲೇ ಇತ್ತು.

ಡಾಕ್ಟರ ಬಳಿಗೆ ಹೋಗುವ ಮೊದಲು ಒಂದು ದಿನ ಅವರು ಇನ್ನೊಂದು ದಾರಿ ಹಿಡಿದು ನೋಡಿದರು. ಇಂಥ ಬೆಳಕಿಗೆ ಇಷ್ಟು ಎಂಬ ಹಳೆಯ ಅಳತೆಗಳು ಅವರಿಗೆ ಬಾಯಿಪಾಠ. ಕಣ್ಣನ್ನು ನಂಬದೆ ಅಂಕಿಗಳನ್ನೇ ನಂಬಿ ಮದುವೆಯ ವಿಡಿಯೋ ಮುಗಿಸಿಬಿಡುವುದು, ನಾನು ಪಕ್ಕದಲ್ಲಿ ಕೂತು ಹುಬ್ಬು ನೋಡುವುದು, ಮಾಲೀಕನಿಗೆ ಏನನ್ನೂ ಹೇಳದಿರುವುದು. ಒಂದು ದೃಶ್ಯಕ್ಕೆ ಸರಿಹೋಯಿತು. ಮುಂದಿನದರಲ್ಲಿ ಮದುಮಗಳು ದೀಪದ ಹತ್ತಿರ ಸರಿದಿದ್ದಳು, ಅಳತೆ ತಪ್ಪಿತು. ಅದರ ಮುಂದಿನದರಲ್ಲಿ ಅವಳು ಕೈ ಬೀಸಿದಳು. ನಾನು “ಸಾಕು” ಎಂದದ್ದು ತಡವಾಯಿತು, ಇನ್ನೊಮ್ಮೆ ಬೇಗವಾಯಿತು. ಅರ್ಧ ದಿನ ಕಳೆದರೂ ಎರಡು ನಿಮಿಷದ ವಿಡಿಯೋ ದಾಟಲಿಲ್ಲ.

“ಬಿಡು. ನಿನ್ನ ಕಣ್ಣು, ನನ್ನ ಕೈ. ಎರಡೂ ಬೇರೆ ಬೇರೆ ಮನೆಯಲ್ಲಿವೆ” ಎಂದು ಅಕ್ಕ ಕಂಪ್ಯೂಟರ್ ಆರಿಸಿದರು.

ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಸಕ್ಕರೆ ಕಾಯಿಲೆಯನ್ನು ಅಕ್ಕ ದಿನಕ್ಕೊಂದು ಮಾತ್ರೆಗೆ ಒಪ್ಪಿಸಿ ಮರೆತಿದ್ದರು. ಅದು ಸುಮ್ಮನಿರಲಿಲ್ಲ. ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳ ಸೋರಿ, ರಕ್ತದ ಕಣಗಳು ಒಳಗೆ ತೇಲುತ್ತಿದ್ದವು. ಎಡಗಣ್ಣಿನಲ್ಲಿ ಹೆಚ್ಚು, ಬಲಗಣ್ಣಿನಲ್ಲಿ ಈಗ ಶುರು.

“ಕಪ್ಪು ಚುಕ್ಕಿ ಓಡಾಡೋದು ಯಾವಾಗಿನಿಂದ? ಇಷ್ಟು ದಿನ ಯಾಕೆ ಬರ್ಲಿಲ್ಲ?” ಎಂದು ಡಾಕ್ಟರು ಕೇಳಿದರು.

“ಅದು ಕೆಲಸದ್ದು ಅಂದ್ಕೊಂಡಿದ್ದೆ.”

ಡಾಕ್ಟರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಅಕ್ಕನ ಕಸುಬು ಏನೆಂದು ವಿವರಿಸಿದೆ. ಅವರು ಹೂಂ ಎಂದು ಬರೆಯುವುದನ್ನು ಮುಂದುವರಿಸಿದರು. ಲೇಸರ್ ಚಿಕಿತ್ಸೆ ಆಗಬೇಕು, ಸಕ್ಕರೆ ಹಿಡಿತಕ್ಕೆ ಬರಬೇಕು, ಚುಕ್ಕಿಗಳು ನಿಧಾನವಾಗಿ ಕೆಳಗಿಳಿಯಬಹುದು. ಪೂರ್ತಿ ಹೋಗುತ್ತವೆಯೇ ಎಂದು ಅಕ್ಕ ಕೇಳಿದ್ದಕ್ಕೆ, ಇನ್ನೂ ಹೆಚ್ಚಾಗದಂತೆ ಮೊದಲು ನೋಡಿಕೊಳ್ಳೋಣ ಎಂದರು.

ಹನಿ ಹಾಕಿದ ಕಣ್ಣಿಗೆ ಬೀದಿಯ ಬಿಸಿಲು ತಡೆಯಲಾಗುತ್ತಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ನನ್ನ ತೋಳು ಹಿಡಿದು ನಡೆದರು. ದಾರಿಯುದ್ದಕ್ಕೂ ಮಾತಾಡಿದ್ದು ಸೊಪ್ಪಿನ ವಿಷಯ, ನಲ್ಲಿಯ ವಿಷಯ. ಮೆಟ್ಟಿಲು ಹತ್ತುವಾಗ ಅವರ ಎಂದಿನ ಲಿಫ್ಟಿನ ಮಾತು ಬರಲಿಲ್ಲ.

ಮರುದಿನ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು, ಅಂಗಡಿಗೆ ಹೊರಡುವ ಮೊದಲು ಅವರ ಮನೆಗೆ ಹೋದೆ. ಒಳಕೋಣೆಯ ಕರ್ಟನ್ ಸರಿಸಿತ್ತು. ಆ ಕೋಣೆಯಲ್ಲಿ ಹಗಲು ನೋಡಿದ್ದು ಅದೇ ಮೊದಲು. ಅಕ್ಕ ಕೆಲಸದ ಕುರ್ಚಿಯಲ್ಲಿ ಕೂತಿರಲಿಲ್ಲ, ಮಗಳು ಕೂರುವ ಸ್ಟೂಲಿನಲ್ಲಿದ್ದರು. ಮದುವೆಯ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

“ನಿನ್ನ ಅಂಗಡಿ ದಾರಿಯಲ್ಲೇ ಅಲ್ವಾ ಸ್ಟುಡಿಯೋ?”

“ಹೌದು, ಒಂದು ತಿರುವು ಆಚೆಗೆ.”

“ಇದನ್ನ ಮಾಲೀಕನ ಕೈಗೆ ಕೊಟ್ಟು ಬರ್ತೀಯಾ?”

“ಕೊಡ್ತೀನಿ ಅಕ್ಕ. ಏನಂತ ಹೇಳ್ಲಿ?”

ಅವರು ಕರವಸ್ತ್ರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು.

“ಕಣ್ಣು ಸರಿಯಾಗೋವರೆಗೂ ನನ್ನ ಕುರ್ಚಿ ಖಾಲಿ ಇಟ್ಕೊಂಡಿರು ಅಂತ ಕೇಳ್ಬೇಕು ಅನ್ಸುತ್ತೆ. ಕೇಳ್ಬೇಡ.”

“ನೀವೇ ಒಂದ್ಸಲ ಮಾತಾಡಿ ನೋಡಿ. ಅವನು ನಿಮ್ಮ ಪಕ್ಕ ಕೂತು ಪಾಠ ಬರೆದವನು.”

“ನಾನು ಹೋದ್ರೆ ಮತ್ತೆ ತಪ್ಪನ್ನ ದೀಪದ ಮೇಲೆ ಹಾಕ್ತೀನಿ. ನನ್ನ ಬಾಯಿ ನಂಗೆ ಗೊತ್ತು.” ಡಿಸ್ಕನ್ನು ನನ್ನ ಚೀಲದೊಳಗೆ ತಾವೇ ಇಟ್ಟು, ಅದು ನೆಟ್ಟಗೆ ನಿಲ್ಲುವಂತೆ ಪಕ್ಕಕ್ಕೆ ಟವೆಲ್ ಒತ್ತಿದರು. “ಫೋನಲ್ಲಿ ಬೇಡ, ಎದುರಿಗೇ ಹೇಳು. ಗಡ್ಡದವನ ವಿಷಯ ಮೊದಲು. ಅವನ ವಿಡಿಯೋದಲ್ಲಿ ಇದ್ದದ್ದು ಎಲ್ಲರದರಲ್ಲಿ ಇರೋವಷ್ಟೇ ಮರಳು, ಅವನನ್ನ ವಾಪಸ್ ಕರೀಬೇಕು ಅಂತ. ಮಾಲೀಕ ಆಯ್ತು ಅಂದ ಮೇಲೆ ನನ್ನ ಕಣ್ಣಿನ ವಿಷಯ. ಮೊದಲೇ ಕಣ್ಣು ಅಂದ್ರೆ ಅಯ್ಯೋ ಪಾಪ ಅಂದ್ಬಿಡ್ತಾನೆ, ಗಡ್ಡದವನ ಮಾತು ಅಲ್ಲೇ ಮುಳುಗಿ ಹೋಗುತ್ತೆ. ಇದೊಂದು ಮಾಡ್ಕೊಡು.”